ಪುಸ್ತಕದ ಮೇಜಿನ ಹಿಂದೆ ಚಿಕ್ಕಮ್ಮ

ಅದು ನವೆಂಬರಿನ ಎರಡನೆಯ ಭಾನುವಾರ, ಅಷ್ಟು ಮಾತ್ರ ಖಚಿತ. ಆ ದಿನದ ಡೈರಿಯಲ್ಲಿ ‘ಕೆ.ಆರ್. ಪುರ. ಗಂಟಲು ಕೆಟ್ಟಿದೆ’ ಎಂದಷ್ಟೇ ಇದೆ. ಚಿಕ್ಕಮ್ಮ ಆಡಿದ ಮಾತುಗಳನ್ನು ಬರೆದಿಟ್ಟದ್ದು ಎರಡು ದಿನ ಕಳೆದ ಮೇಲೆ. ಅಷ್ಟರಲ್ಲಿ ನಾನೇ ಒಂದೆರಡು ಪದ ತಿದ್ದಿರಬಹುದು.

ನನ್ನ ಬಾಲ್ಯದ ನೆನಪುಗಳ ಪುಸ್ತಕ ಕಳೆದ ವರ್ಷ ಬಂತು. ಪ್ರಕಾಶಕರು ಪ್ರತಿಗಳ ಕಟ್ಟುಗಳನ್ನು ಮನೆಗೇ ಕಳಿಸಿ, “ಭಾಷಣಕ್ಕೆ ಹೋದ ಕಡೆ ನೀವೇ ಇಟ್ಟು ಮಾರಿ ಮೇಡಂ, ಈಗೆಲ್ಲ ಹಾಗೇ” ಎಂದರು. ನಮ್ಮನ್ನು ಭಾಷಣಕ್ಕೆ ಕರೆಯುವುದು ನವೆಂಬರಿನಲ್ಲಿ. ರಾಜ್ಯೋತ್ಸವದ ಆ ತಿಂಗಳು ದೊಮ್ಮಲೂರಿನಿಂದ ಕೆ.ಆರ್. ಪುರದವರೆಗೆ ಪ್ರತಿ ಅಪಾರ್ಟ್‌ಮೆಂಟಿಗೂ ಒಬ್ಬ ಕನ್ನಡ ಲೇಖಕಿ ಬೇಕು. ಡಿಸೆಂಬರ್ ಬಂದರೆ ಯಾರಿಗೂ ಬೇಡ. ಶಾಲು ಹೊದಿಸುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಪುಸ್ತಕದ ಮೇಜನ್ನು ಮಾತ್ರ ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಹಾಕುತ್ತಾರೆ. ಭಾಷಣ ಮುಗಿದ ಕೂಡಲೇ ಊಟ. ಒಂದು ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ, ಇನ್ನೊಂದರಲ್ಲಿ ಚಮಚ. ಪುಸ್ತಕ ಹಿಡಿಯಲು ಮೂರನೆಯ ಕೈ ಯಾರಿಗಿದೆ? “ಇಂಗ್ಲಿಷಲ್ಲಿ ಬಂದಿದ್ಯಾ?” ಎನ್ನುತ್ತಾರೆ. “ನಮ್ ಮಕ್ಳಿಗೆ ಕನ್ನಡ ಓದಕ್ ಬರಲ್ಲ ಮೇಡಂ” ಎನ್ನುತ್ತಾರೆ. ಸಂಘದ ಅಧ್ಯಕ್ಷರು ಎಲ್ಲರೆದುರಿಗೆ ಕೈಚಾಚಿ, “ನಮಗೊಂದು ಗೌರವ ಪ್ರತಿ?” ಎಂದು ನಗುತ್ತಾರೆ. ಕೊಡುತ್ತೇನೆ. ಮನೆಗೆ ಬಂದು ನನ್ನ ಮೇಲೇ ಸಿಡುಕುತ್ತೇನೆ.

ಅಷ್ಟಿಷ್ಟು ಮಾರಾಟವಾಗುತ್ತಿದ್ದುದು ಒಂದೇ ಕಥೆಯಿಂದ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ದಿನ ಶಿವಾಜಿನಗರದ ಶಾಲೆಯ ಗೇಟಿನ ಹೊರಗೆ ಅಮ್ಮ ಮೂರು ಗಂಟೆ ಬಿಸಿಲಲ್ಲಿ ನಿಂತಿದ್ದಳು. ಕಿಟಕಿಯಿಂದ ಅವಳ ನೀಲಿ ಸೀರೆ ಕಾಣುತ್ತಿತ್ತು, ಅದನ್ನು ನೋಡಿ ನೋಡಿಯೇ ನಾನು ಲೆಕ್ಕ ಬಿಡಿಸಿದೆ. ಪುಸ್ತಕದಲ್ಲಿ ಇದು ಮೂರೇ ಸಾಲು. ವೇದಿಕೆಯ ಮೇಲೆ ಬೆಳೆಯಿತು. ಕಮ್ಮನಹಳ್ಳಿಯಲ್ಲಿ ಅಮ್ಮನ ಕೈಗೆ ಮೊಸರನ್ನದ ಡಬ್ಬಿ ಬಂತು. ದೊಮ್ಮಲೂರಿನಲ್ಲಿ ಅವಳ ಚಪ್ಪಲಿ ಕಿತ್ತುಹೋಯಿತು. ಇವೆರಡನ್ನೂ ಸೇರಿಸಿದ್ದು ನಾನೇ ಎಂದು ನನಗೆ ಗೊತ್ತಿತ್ತು. ನಿಂತವಳು ಅಮ್ಮ ಎಂಬುದರಲ್ಲಿ ಮಾತ್ರ ಎಂದೂ ಅನುಮಾನ ಬಂದಿರಲಿಲ್ಲ. ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಇಡೀ ಪುಸ್ತಕದಲ್ಲಿ ನಾನು ಅಳುತ್ತಾ ಬರೆದದ್ದು ಆ ಮೂರು ಸಾಲುಗಳನ್ನೇ.

ಕೆ.ಆರ್. ಪುರಕ್ಕೆ ಚಿಕ್ಕಮ್ಮನನ್ನು ಕರೆದುಕೊಂಡು ಹೋದೆ. ಅಮ್ಮನ ತಂಗಿ, ಹಲಸೂರಿನವಳು, ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯಲ್ಲಿ ಆಯುಷ್ಯವೆಲ್ಲ ಸೀರೆ ಬಿಡಿಸಿ ತೋರಿಸಿದವಳು. ತಮಿಳು, ದಖ್ಖನಿ, ಕನ್ನಡ, ಎದುರಿಗೆ ಯಾರಿದ್ದರೆ ಅವರ ಭಾಷೆ. ಬಂದವಳೇ, ಜನ ತಟ್ಟೆ ಹಿಡಿಯುವ ಮೊದಲೇ ಸಿಗಲಿ ಎಂದು, ಪುಸ್ತಕದ ಮೇಜನ್ನು ಊಟದ ತಟ್ಟೆಗಳಿಗಿಂತ ಮುಂದಕ್ಕೆ ಎಳೆಸಿದಳು. “ಪುಸ್ತಕಾನ ಹಿಂಗೆ ಮಲಗಿಸ್ಬಾರ್ದು ಕಣೇ, ಕೈಗೆ ಕೊಡ್ಬೇಕು. ಕೈಗೆ ಬಂದಿದ್ದನ್ನ ವಾಪಸ್ ಇಡಕ್ಕೆ ಜನಕ್ಕೆ ನಾಚ್ಕೆ ಆಗತ್ತೆ” ಎಂದಳು.

ಅವತ್ತೂ ಆ ಕಥೆ ಹೇಳಿದೆ. ಡಬ್ಬಿ, ಚಪ್ಪಲಿ ಎರಡೂ ಇದ್ದವು. ವೇದಿಕೆ ಇಳಿದು ಬರುವಾಗ ಮೇಜಿನ ಮುಂದೆ ಒಬ್ಬಾಕೆ ಪುಸ್ತಕ ಹಿಡಿದು, “ಪಾಪ, ಅವರ ತಾಯಿ ಎಷ್ಟೊತ್ತು ನಿಂತಿದ್ರಂತೆ ಬಿಸಿಲಲ್ಲಿ” ಎನ್ನುತ್ತಿದ್ದರು.

“ತಾಯಿ ಎಲ್ಲಿ ನಿಂತಿದ್ಲು?” ಎಂದಳು ಚಿಕ್ಕಮ್ಮ, ಚಿಲ್ಲರೆ ಹುಡುಕುತ್ತಾ. “ನಿಂತಿದ್ದು ನಾನು. ಅಂಗಡೀಲಿ ಅರ್ಧ ದಿನ ರಜಾ ಹಾಕಿ. ತಗೊಳ್ಳಿ, ಓದಿ, ಚೆನ್ನಾಗ್ ಬರ್ದಿದಾಳೆ.”

ಆಕೆ ನಕ್ಕು ಪುಸ್ತಕ ಕೊಂಡು, ನನ್ನ ಸಹಿಯ ಕೆಳಗೆ ಚಿಕ್ಕಮ್ಮನದೂ ಹಾಕಿಸಿಕೊಂಡರು.

ಮೆಟ್ರೋ ಬೈಯಪ್ಪನಹಳ್ಳಿ ದಾಟಿದ ಮೇಲೆ ಕೇಳಿದೆ.

“ನೀನು ನಿಂತಿದ್ದೆ ಅಂತ ಯಾಕೆ ಹೇಳ್ದೆ?”

“ನಿಂತಿದ್ದೆ, ಹೇಳ್ದೆ. ಅದಕ್ಕೇನೀಗ?”

“ನಾನು ಅಮ್ಮ ಅಂತ ಬರೆದಿದೀನಿ ಚಿಕ್ಕಮ್ಮ.”

“ಗೊತ್ತು, ಓದಿದೀನಿ. ಪ್ರಿಂಟಾದ್ಮೇಲೆ ಏನ್ ಹೇಳೋದು?” ಎಂದು ಖಾಲಿ ಚೀಲವನ್ನು ಮಡಚಿದಳು. “ಹೋಗ್ಲಿ ಬಿಡು. ಅಮ್ಮ ಅಂದ್ರೆ ಜನ ತಗೋತಾರೆ. ಚಿಕ್ಕಮ್ಮ ನಿಂತಿದ್ಲು ಅಂದ್ರೆ ಯಾರ್ ತಗೋತಾರೆ?”

ನನಗೆ ಸಿಟ್ಟು ಬಂತು. ಆಗ ಅದು ಸತ್ಯದ ಮೇಲಿನ ಕಾಳಜಿ ಎಂದುಕೊಂಡೆ. ಅಲ್ಲ. ಮಾರಾಟವಾಗುತ್ತಿದ್ದ ನನ್ನ ಒಂದೇ ಒಂದು ಕಥೆಯನ್ನು ಅವಳು ಹಾಳು ಮಾಡಿದ್ದಳು, ಅದಕ್ಕೆ ಬಂದ ಸಿಟ್ಟು.

ಮುಂದಿನ ವಾರ ಜೀವನ್ ಬಿಮಾ ನಗರದ ಒಂದು ಮಹಿಳಾ ಸಮಾಜದಲ್ಲಿ ಆ ಕಥೆಯನ್ನೇ ಬಿಟ್ಟು ಮಾತಾಡಿದೆ. ನೆನಪು ಹೇಗೆ ಮೋಸ ಮಾಡುತ್ತದೆ ಎಂದು ಏನೇನೋ ಹೇಳಿದೆ. ಮುಂದಿನ ಸಾಲಿನಲ್ಲಿದ್ದವರು ಫೋನ್ ತೆಗೆದರು. ಒಂದು ಪ್ರತಿಯೂ ಹೋಗಲಿಲ್ಲ. ಕಾರ್ಯದರ್ಶಿಯವರು ಹಣ್ಣಿನ ಬುಟ್ಟಿ ಆಟೋದಲ್ಲಿಡುತ್ತಾ, “ಆ ತಾಯಿ ಕಥೆ ಹೇಳ್ಲೇ ಇಲ್ವಲ್ಲ ಮೇಡಂ, ಅದಕ್ಕೇ ಅಲ್ವಾ ನಿಮ್ಮನ್ನ ಕರೆಸಿದ್ದು” ಎಂದರು.

ಕಿಟಕಿಯಿಂದ ನಾನು ನೋಡಿದ್ದೇನು? ಎಷ್ಟು ಸಲ ಕಣ್ಣು ಮುಚ್ಚಿ ಕೂತರೂ ನೀಲಿ ಸೀರೆಯಷ್ಟೇ ಬರುತ್ತದೆ, ಮುಖ ಬರುವುದಿಲ್ಲ. ಅಕ್ಕತಂಗಿಯರು ಒಬ್ಬರ ಸೀರೆ ಒಬ್ಬರು ಉಡುತ್ತಿದ್ದರು. ನಾನು ಡೈರಿ ಶುರು ಮಾಡಿದ್ದು ಕಾಲೇಜಿಗೆ ಬಂದ ಮೇಲೆ, ಹಾಗಾಗಿ ತೆಗೆದು ನೋಡಲು ಏನೂ ಇಲ್ಲ. ಚಿಕ್ಕಮ್ಮನೇ ತಪ್ಪು ನೆನಪಿಟ್ಟುಕೊಂಡಿರಬಹುದು. ಆ ಅಂಗಡಿಯವರು ಅಷ್ಟು ಸುಲಭಕ್ಕೆ ರಜಾ ಕೊಡುವವರಲ್ಲ ಎಂದು ಅವಳೇ ಎಷ್ಟೋ ಸಲ ಬೈದಿದ್ದಾಳೆ. ಅಥವಾ ಬೇಕಾದವಳನ್ನು ನಾನೇ ಗೇಟಿನ ಹೊರಗೆ ತಂದು ನಿಲ್ಲಿಸಿಕೊಂಡೆನೇ?

ಈ ಭಾನುವಾರ ಇಂದಿರಾನಗರದಲ್ಲಿ ಮಾತಾಡಬೇಕು. ‘ಆ ತಾಯಿ ಕಥೆ ಇರಲೇಬೇಕು ಮೇಡಂ’ ಎಂದು ಅಲ್ಲಿಯವರು ಮೊದಲೇ ಮೆಸೇಜು ಹಾಕಿದ್ದಾರೆ. ಹೇಳುವುದೋ ಬಿಡುವುದೋ ತಿಳಿಯದೆ ನಿನ್ನೆ ಹಲಸೂರಿಗೆ ಹೋದೆ. ಚಿಕ್ಕಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ನೀನೇ ನಿಂತಿದ್ದೆ ಅಂತ ಒಪ್ಪಿಕೊಳ್ಳುತ್ತೇನೆ ಎಂದೆ, ವೇದಿಕೆಯ ಮೇಲೂ ಹಾಗೇ ಹೇಳುತ್ತೇನೆ ಎಂದೆ. ಅವಳು ಒಂದು ಹಿಡಿ ಕಾಯಿ ನನ್ನ ಕಡೆ ತಳ್ಳಿ, “ಹುಳ ನೋಡ್ಕೊಂಡು ಬಿಡಿಸು” ಎಂದಳು. ಬಿಡಿಸಿದೆ. ಬುಟ್ಟಿಯ ತಳ ಕಾಣುವಷ್ಟು ಹೊತ್ತಾದ ಮೇಲೆ ಕೇಳಿದೆ:

“ಹಾಗಾದ್ರೆ ಅವತ್ತು ಅಮ್ಮ ಎಲ್ಲಿದ್ಲು, ಚಿಕ್ಕಮ್ಮ?”