ಶಾಲಿನೊಳಗಿನ ಮರಿ

ಆ ದಿನ ಅತಿಥಿಯ ಶಾಲು ತೆಗೆಸದಂತೆ ಚಿಗವ್ವನ ಬಾಯಿ ಮುಚ್ಚಿಸಿದವನು ನಾನೇ. ನನ್ನ ದಡ್ಡತನವನ್ನು ಮೊದಲು ಹೇಳಿಬಿಡುತ್ತೇನೆ. ಆಮೇಲೆ ಉಳಿದವರನ್ನು ಬಯ್ಯಲು ಬಾಯಿ ಹಗುರಾಗುತ್ತದೆ.

ಬೆಟಗೇರಿಯಲ್ಲಿ ಚಿಗವ್ವ ಬೇಟೆನಾಯಿ ಸಾಕಿ ಮರಿ ಮಾರುತ್ತಿದ್ದಳು. ಅವಳ ಗಂಡ, ನನ್ನ ಕಾಕಾ, ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ ಮಗ್ಗದ ಕುಣಿಯೇ, ಅವನು ತೀರಿಕೊಂಡ ಮೇಲೆ, ಮರಿಗಳ ಮನೆಯಾಗಿತ್ತು. ನೋಡಲು ಬಂದವರು ಕೋಟು, ಶಾಲು, ಚೀಲ ಎಲ್ಲವನ್ನೂ ಬಾಗಿಲ ಗೂಟಕ್ಕೆ ಹಾಕಿಯೇ ಒಳಗೆ ಬರಬೇಕು. ಅದು ಅವಳ ಕಾಯಿದೆ. ಕಾರಣವೂ ಇತ್ತು. ಮುಂಡರಗಿಯ ಒಬ್ಬ ದೊಡ್ಡ ಮನುಷ್ಯ ಕೋಟಿನೊಳಗೆ ಮರಿ ಅಡಗಿಸಿಕೊಂಡು, "ನಿಮ್ಮ ನಾಯಿ ತಳಿ ಅಷ್ಟೇನ ಚಲೋ ಇಲ್ಲ ಬಿಡ್ರಿ" ಎಂದು ಮೂಗು ಮುರಿದು ಹೋಗಿದ್ದ. ಶಿರಹಟ್ಟಿಯವನೊಬ್ಬ ಬೆವರು ಒರೆಸುವ ನೆವದಲ್ಲಿ ರುಮಾಲು ಬಿಚ್ಚಿ, ಇನ್ನೊಂದನ್ನು ಸುತ್ತಿಕೊಂಡು ಹೋಗಿದ್ದ. ನಿಜವಾದ ಕಳ್ಳನಿಗೆ ನಿದ್ದೆಗೆಡುವ ಕಷ್ಟವಾದರೂ ಇದೆ. ಇವರು ಚಹಾ ಕುಡಿದು ಕದಿಯುವವರು.

ಆ ಸಲದ್ದು ಮುದಿನಾಯಿಯ ಕೊನೆಯ ಸೂಲು. ಇದ್ದದ್ದು ಒಂದೇ ಹೆಣ್ಣುಮರಿ. ಅದು ಹೋದರೆ ಕಾಕಾ ಬೆಳೆಸಿದ ತಳಿಯೇ ಮುಗಿದಂತೆ. "ಗಂಡುಮರಿ ಯಾವದರ ಒಯ್ರಿ, ಇದನ್ನ ಮಾತ್ರ ಕೇಳಬ್ಯಾಡ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಮರಿ ನೋಡಲು ಲಕ್ಷ್ಮೇಶ್ವರದಿಂದ ಅವನು ಬಂದ. ಸಂಸ್ಥಾನವಿದ್ದಾಗ ಜರಿ ರುಮಾಲು ಸುತ್ತಿ ರಾಜರಿಗೆ ಬಾಗಿ ಮುಜುರೆ ಮಾಡುತ್ತಿದ್ದವ, ಸಂಸ್ಥಾನ ಹೋದ ಮೇಲೆ ಬಿಳಿ ಟೋಪಿ ಹಾಕಿ ಏಕೀಕರಣದ ಭಾಷಣ ಮಾಡುತ್ತಿದ್ದ. ತಲೆ ಮಾತ್ರ ಅದೇ; ಅದರೊಳಗೆ ಮೊದಲೂ ಏನೂ ಇರಲಿಲ್ಲ. ಅವನ ಭಾಷಣವನ್ನು ಅಣಕಿಸಿಯೇ ನಾನು ಓಣಿಯಲ್ಲಿ ಹೆಸರು ಮಾಡಿದ್ದೆ. ಅವನು ಮನೆಗೇ ಬಂದಾಗ ನನ್ನ ಬೆನ್ನು ತಾನಾಗಿಯೇ ಬಾಗಿತು.

ಚಿಗವ್ವ ಗೂಟ ತೋರಿಸಿದಳು. "ಶಾಲು ಅಲ್ಲಿ ಹಾಕ್ರಿ ಸಾಹೇಬ್ರ."

"ಇದು ಸತ್ಕಾರದಾಗ ಹೊದಿಸಿದ್ದು ತಾಯಿ" ಎಂದ ಅವನು.

ನಾನು ಚಿಗವ್ವನ ದನಿಯಲ್ಲೇ ಅಣಕಿಸಿದೆ: "ಟೊಪ್ಪಿಗಿನೂ ತೆಗೀರಿ, ಅಂಗಿನೂ ತೆಗೀರಿ, ಬರೇ ಮೈಲೆ ಬರ್ರಿ." ಅವನು ನಕ್ಕ. ಚಿಗವ್ವ ನನ್ನನ್ನು ನುಂಗುವಂತೆ ನೋಡಿ, ಗೂಟದತ್ತ ಚಾಚಿದ್ದ ಕೈ ಇಳಿಸಿದಳು; ಅವನು ಶಾಲು ಹೊದ್ದೇ ಒಳಗೆ ಬಂದ.

ತಾಯಿನಾಯಿಯನ್ನು ಹಿತ್ತಲಲ್ಲಿ ಕಟ್ಟಿದ್ದೆವು. ಚಿಗವ್ವ ಚಹಾಕ್ಕೆಂದು ಒಳಗೆ ಹೋದಳು. "ಒಂದೀಟು ನೀರು ತಾರೋ ತಮ್ಮಾ" ಎಂದ, ನಾನೂ ಹೋದೆ. ತಂಬಿಗೆ ಹಿಡಿದು ಬರುವಷ್ಟರಲ್ಲಿ ಸಾಹೇಬರಿಗೆ ಗಡಿಬಿಡಿ. ಎಲ್ಲೋ ಸಭೆ ಇದೆಯಂತೆ, ಚಹಾ ಬೇಡವಂತೆ. ಆದರೆ ಹೊರಗೆ ಕಟ್ಟೆಯ ಮೇಲೆ ಓಣಿಯ ನೇಕಾರರು ಕುಳಿತಿದ್ದರು. ಕೇಳುವ ಕಿವಿ ಕಂಡರೆ ಅವನ ಬಾಯಿ ತಡೆಯದು. ಅಲ್ಲೇ ನಿಂತ.

"ಕನ್ನಡದ ಮಕ್ಕಳು ಮುಂಬೈದಾಗ ಒಂದಿಷ್ಟು, ಹೈದರಾಬಾದಿನಾಗ ಒಂದಿಷ್ಟು ಚದುರ್ಯಾವು. ತಾಯಿಯಿಂದ ಅಗಲಿದ ಮಕ್ಕಳು ತಾಯಿ ಮಡಿಲಿಗೆ ಸೇರಬೇಕ್ರಿ."

ಒಳಗಿನಿಂದ ಚಿಗವ್ವ ಕೂಗಿದಳು: "ಹೆಣ್ಣುಮರಿ ಎಲ್ಲೈತಿ ಲೇ?"

ನಾನು ಶಾಲು ನೋಡಿದೆ. ಅದು ಭಾಷಣಕ್ಕೆ ಸಂಬಂಧವಿಲ್ಲದಂತೆ ಅಲುಗುತ್ತಿತ್ತು. ಮುದಿನಾಯಿ ಮರಿಗಳನ್ನು ಕರೆಯುವಂತೆ ಮೂಗಿನಲ್ಲಿ ಕುಂಯ್ ಎಂದೆ. ಶಾಲು ಕೂಡಲೇ ಕುಂಯ್ ಎಂದಿತು. ನನ್ನ ಅಣಕಕ್ಕೆ ಸಿಕ್ಕ ಮೊದಲ ಪ್ರಾಮಾಣಿಕ ಮೆಚ್ಚುಗೆ ಅದು.

"ಮರಿ ತಾನ ಬಂದು ಬೆಚ್ಚಗ ಕುಂತೈತಿ ನೋಡ್ರಿ" ಎಂದ ಅವನು, ನಾಚಿಕೆಯಿಲ್ಲದೆ. ಈಗಷ್ಟೇ ಕಣ್ಣು ಬಿಟ್ಟ ಮರಿ ಕುಣಿ ಹತ್ತಿ ಬಂದು ಶಾಲು ಸೇರಿತಂತೆ. "ಇಷ್ಟು ಪ್ರೀತಿಲೆ ಬಂದದ್ದನ್ನ ಬಿಡಾಕ ಮನಸ್ಸು ಬರವಲ್ದು. ದೇಶಸೇವಾದವರಿಗೆ ಕಾಣಿಕಿ ಅಂತ ತಿಳೀರಿ."

ಕಟ್ಟೆಯ ಮೇಲಿದ್ದವರು ತಮ್ಮ ತಮ್ಮ ಕಾಲುಬೆರಳು ನೋಡಿಕೊಂಡರು. ನಾನೂ ನನ್ನವನ್ನು ನೋಡಿಕೊಂಡೆ. ಚಿಗವ್ವ ಮಾತ್ರ ಹೊಸ್ತಿಲು ದಾಟಿ ಬಂದು ಅವನೆದುರು ನಿಂತಳು. ಮರಿ ಕುಣಿಗೆ ಮರಳಿದ್ದು, ಅವನು ಮತ್ತೆ ನಮ್ಮ ಓಣಿಗೆ ಕಾಲಿಡದಿದ್ದದ್ದು, ಎರಡೂ ಅವಳು ಆಗ ಆಡಿದ ಮಾತಿನಿಂದ. ಓಣಿಯವರೆಲ್ಲರ ದನಿ ತೆಗೆಯುವ ನನಗೆ ಅದೊಂದನ್ನು ಅವಳಂತೆ ಹೇಳಲು ಇವತ್ತಿಗೂ ಬಂದಿಲ್ಲ:

"ಏಕೀಕರಣ ಮದಲ ನಿಮ್ಮ ಶಾಲಿನಾಗಿಂದ ಶುರು ಆಗ್ಲಿ ಸಾಹೇಬ್ರ. ಅದರ ತಾಯಿ ಹಿತ್ತಲದಾಗ ಐತಿ. ಮಡಿಲಿಗೆ ನೀವ ಒಯ್ದು ಹಾಕ್ತೀರೋ, ಆಕಿನ್ನ ಬಿಚ್ಚಿ ಇಲ್ಲಿಗೇ ಕಳಸ್ಲೋ?"