ಕೆಂಪು ಕಾಣದಿದ್ದರೆ ಮಾತ್ರ ಸವಾರಿ

ಬೆಳಗಿನ ಐದೂ ಮುಕ್ಕಾಲು. ಬೀದಿದೀಪ ಇನ್ನೂ ಆರಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋದರೆ, ಮನೆಮನೆಗೆ ಬ್ರೆಡ್ ಹಾಕುವಾತ ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಾನೆ. ಅವನ ಎರಡು ಕಾಲುಗಳ ನಡುವೆ ಅಂಗೈ ಅಗಲದ ಒಂದು ಹಲಗೆ. "ಇನ್ನೂ ಮೇಲೆ ಎತ್ತಿ ಹಿಡಿ. ಸೀಟಿನ ಮೇಲೆ ಕೂತಷ್ಟು ಗಟ್ಟಿಯಾಗಿ ಒತ್ತಬೇಕು. ಇಲ್ಲಿ ನಾಚಿಕೊಂಡ್ರೆ ಮಂಡಿ ನೋವು ಮನೆಗೆ ಬರುತ್ತೆ," ಎನ್ನುತ್ತ ಅರವತ್ತರ ಆಸುಪಾಸಿನ ವ್ಯಕ್ತಿಯೊಬ್ಬರು ಹಲಗೆಯ ಅಂಚಿಗೆ ಸರಿಯಾಗಿ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತಾರೆ. ಗೆರೆಯ ಪಕ್ಕದಲ್ಲಿ 'ಬ್ರೆಡ್ಡು' ಎಂದು ಬರೆಯುತ್ತಾರೆ.

ಇವರು ಅಳತೆ ಮಾವ. ಸೈಕಲ್ಲನ್ನು ಮೈಗೆ ಹೊಂದಿಸಿಕೊಡುವುದು ಇವರ ಕೆಲಸ. ಪಂಕ್ಚರ್ ಹಾಕುವವರು, ಚೈನು ಬದಲಿಸುವವರು ಬೀದಿಗೊಬ್ಬರು ಸಿಗುತ್ತಾರೆ. ನಿಮ್ಮ ಕಾಲು ಎಷ್ಟುದ್ದ, ಕೈ ಎಷ್ಟು ದೂರ ಚಾಚುತ್ತದೆ, ಬೆನ್ನು ಎಷ್ಟು ಬಗ್ಗುತ್ತದೆ ಎಂದು ನೋಡಿ, ಇಂಥ ಸೈಕಲ್ ತೆಗೆದುಕೊಳ್ಳಿ, ಇಂಥದ್ದು ಬೇಡ ಎಂದು ಹೇಳುವವರು ನಮ್ಮೂರಿಗೆ ಇವರೊಬ್ಬರೇ. ಮೂವತ್ತೆಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದಾರೆ. ದಿನಕ್ಕೆ ಎಂಟರಿಂದ ಹತ್ತು ಮಂದಿ. ಗೋಡೆಯ ಗೆರೆಗಳನ್ನು ಎಣಿಸಲು ಹೊರಟ ನಾನು ಆರುನೂರಕ್ಕೆ ಕೈಚೆಲ್ಲಿದೆ.

"ಎಲ್ರೂ ಎತ್ತರ ಹೇಳ್ತಾರೆ ಸಾರ್. ಎತ್ತರ ತಗೊಂಡು ನಾನೇನು ಮಾಡ್ಲಿ? ಒಂದೇ ಎತ್ತರದ ಇಬ್ಬರನ್ನ ನಿಲ್ಲಿಸಿ, ಒಬ್ಬನಿಗೆ ಕಾಲು ಉದ್ದ, ಇನ್ನೊಬ್ಬನಿಗೆ ಮುಂಡ ಉದ್ದ. ಸೈಕಲ್ ತುಳಿಯೋದು ತಲೆಯಿಂದಲಾ?"

ಬ್ರೆಡ್ಡಿನವನನ್ನು ಈಗ ಸೈಕಲ್ ಮೇಲೆ ಕೂರಿಸಿದ್ದಾಗಿದೆ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಪಾದದ ಮುಂಭಾಗ ಇಟ್ಟರೆ ಮಂಡಿ ಒಂಚೂರು ಬಾಗಿರಬೇಕು. ಮಂಡಿಯ ಮುಂದೆ ನೋವಿದ್ದರೆ ಸೀಟು ತಗ್ಗಾಗಿದೆ, ಹಿಂದೆ ನೋವಿದ್ದರೆ ಎತ್ತರವಾಗಿದೆ. ಬೆರಳು ಜೋಮು ಹಿಡಿದರೆ ಭಾರವೆಲ್ಲ ಹ್ಯಾಂಡಲ್ ಮೇಲೆ ಬೀಳುತ್ತಿದೆ. "ಮಗು ಬೆಳೆಯುತ್ತೆ ಅಂತ ದೊಡ್ಡ ಸೈಕಲ್ ಕೊಡಿಸೋ ಅಪ್ಪಂದಿರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ಅಂಗಿಯಾದ್ರೆ ತೋಳು ಮಡಚಬಹುದು. ಕಾಲು ನೆಲಕ್ಕೆ ತಾಗದ ಮಗು ರಸ್ತೆ ಮಧ್ಯೆ ಏನು ಮಡಚಬೇಕು?"

ಇಷ್ಟು ಜೋರಾಗಿ ಮಾತಾಡುವ ಮನುಷ್ಯ, ಬ್ರೆಡ್ಡಿನವನು ಸೈಕಲ್ ಹತ್ತಿ ಪರೀಕ್ಷೆಗೆಂದು ಬೀದಿಯ ಮೂಲೆಯವರೆಗೆ ಹೋದಾಗ ಮಾತು ನಿಲ್ಲಿಸುತ್ತಾರೆ. ಬಾಗಿಲಲ್ಲಿ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರಂತೆ ಅತ್ತಲೇ ನೋಡುತ್ತಾರೆ. ಎಡಗೈ ಮುಷ್ಟಿ ಬಿಗಿದಿದೆ. ಅವನು ಸುತ್ತು ಹಾಕಿ ಮರಳಿದ ಮೇಲೇ ಮುಷ್ಟಿ ಸಡಿಲವಾಗುತ್ತದೆ. ಯಾಕೆ ಎಂದರೆ, "ಭಯ ಸಾರ್," ಎನ್ನುತ್ತಾರೆ. ಮುಚ್ಚುಮರೆಯೇ ಇಲ್ಲ.

ಯಾರೇ ಆಗಲಿ, ಈ ಸುತ್ತಿಗೂ ಮೊದಲು ಒಂದು ಶಾಸ್ತ್ರ ಆಗಲೇಬೇಕು. ಮಾವ ಸ್ಪ್ಯಾನರ್ ಕೆಳಗಿಟ್ಟು, ಸೈಕಲ್ಲಿಗೆ ಬೆನ್ನು ಮಾಡಿ ನಿಂತು, ಒಳಕೋಣೆಗೆ ಕೇಳುವಂತೆ ಕೂಗುತ್ತಾರೆ: "ಕೆಂಪು ಕಾಣ್ತಾ?"

ಒಳಗಿನಿಂದ ಅವರ ಹೆಂಡತಿ ಟಾರ್ಚ್ ಹಿಡಿದು ಬರುತ್ತಾರೆ. ಊರಿಗೆಲ್ಲ ಇವರು ಅತ್ತೆ. ಹೆಂಗಸರು, ಹೆಣ್ಣುಮಕ್ಕಳ ಅಳತೆ ತೆಗೆಯುವುದು ಇವರೇ. ಸೀಟಿನ ಬುಡಕ್ಕೆ ಬೆಳಕು ಹಾಕಿ, ಬಗ್ಗಿ, ಸುತ್ತಲೂ ನೋಡಿ ಹೇಳುತ್ತಾರೆ: "ಕಾಣಲ್ಲ. ಹೋಗ್ಲಿ."

ಸೀಟನ್ನು ಹೊತ್ತ ಕೊಳವೆಯ ಮೇಲೆ ಒಂದು ಗೆರೆ ಇರುತ್ತದೆ. ಅದು ಸೈಕಲ್ಲಿನ ಚೌಕಟ್ಟಿನೊಳಗೆ ಹುದುಗಿರಬೇಕು. ಗೆರೆ ಹೊರಗೆ ಕಂಡರೆ ಒಳಗೆ ಉಳಿದ ಕೊಳವೆ ಸಾಲದು ಎಂದರ್ಥ. ಭಾರಕ್ಕೆ ಅದು ಯಾವಾಗ ಬೇಕಾದರೂ ಮುರಿಯಬಹುದು. ಕಂಪನಿಯ ಗೆರೆ ಸವೆದು ಮಾಸುತ್ತದೆಂದು ಮಾವ ತಮ್ಮ ಕೈ ದಾಟುವ ಪ್ರತಿ ಕೊಳವೆಗೂ ಅಲ್ಲಿ ಕೆಂಪು ಬಣ್ಣದ ಉಂಗುರ ಬಳಿಯುತ್ತಾರೆ. ತಾವೇ ನೋಡಬಹುದಲ್ಲ? "ಬೋಲ್ಟ್ ಬಿಗಿ ಮಾಡಿದವನೇ ನೋಡಿದ್ರೆ ಎಲ್ಲಾ ಸರಿಯಾಗಿದೆ ಅಂತಾನೇ ಕಾಣುತ್ತೆ. ಬೇರೆಯವರು ನೋಡಬೇಕು."

"ಮದುವೆಯಾಗಿ ಇಷ್ಟು ವರ್ಷ ಆಯ್ತು. ನಾನು ಹೇಳೋದ್ರಲ್ಲಿ ಇವರು ಕೇಳೋದು ಇದೊಂದೇ ಮಾತು," ಎಂದು ಅತ್ತೆ ನಗುತ್ತ ಟೀ ಲೋಟ ಮುಂದಿಡುತ್ತಾರೆ.

ಟೀ ಕುಡಿಯುತ್ತ ಮಾವ ಹನ್ನೊಂದು ವರ್ಷದ ಹಿಂದಿನ ಕಥೆ ಹೇಳುತ್ತಾರೆ. ಆಗ ಈ ಕೂಗೂ ಇರಲಿಲ್ಲ, ಕೆಂಪು ಉಂಗುರವೂ ಇರಲಿಲ್ಲ. ಹಾಲು ಹಾಕುವ ಉದ್ದಣ್ಣ, ಹೆಸರಿಗೆ ತಕ್ಕಂತೆ ಬಾಗಿಲಲ್ಲಿ ತಲೆ ತಗ್ಗಿಸಿ ಬರುತ್ತಿದ್ದವ, ತನ್ನ ಗಿಡ್ಡ ಸೈಕಲ್ ಎಳೆದುಕೊಂಡು ಬಂದ. ಉದ್ದದ ಕೊಳವೆ ಅಂಗಡಿಯಲ್ಲಿ ಮುಗಿದಿತ್ತು. ಎರಡು ದಿನ ಇದರಲ್ಲೇ ತಳ್ಳು, ಆಮೇಲೆ ಬದಲಿಸಿಕೊಡ್ತೀನಿ ಎಂದು ಮಾವ ಗೆರೆ ದಾಟಿಸಿ ಸೀಟು ಎತ್ತಿದರು. ಎರಡನೆಯ ದಿನವೇ, ಆಸ್ಪತ್ರೆಗೆ ಇಳಿಯುವ ಇಳಿಜಾರಿನ ಎರಡನೇ ತಿರುವಿನಲ್ಲಿ ಕೊಳವೆ ಮುರಿಯಿತು. ಉದ್ದಣ್ಣನ ಸೊಂಟದ ಮೂಳೆ ಮುರಿಯಿತು. ಜೀವ ಉಳಿಯಿತು, ಕಾಲಿಗೆ ಸೈಕಲ್ ತುಳಿಯುವ ಶಕ್ತಿ ಉಳಿಯಲಿಲ್ಲ. ಈಗ ಅದೇ ಆಸ್ಪತ್ರೆಯ ಸೈಕಲ್ ಸ್ಟ್ಯಾಂಡಿನಲ್ಲಿ ಟೋಕನ್ ಕೊಡುತ್ತಾನೆ.

"ಹೋಗಿ ನೋಡಿದ್ರಾ?"

ಮಾವ ಲೋಟದೊಳಗೆ ನೋಡುತ್ತಾರೆ. "ಆವತ್ತು ವಾರ್ಡಿನ ಬಾಗಿಲವರೆಗೆ ಹೋದೆ. ಒಳಗೆ ಹೋಗೋ ಧೈರ್ಯ ಬರಲಿಲ್ಲ. ಆಮೇಲೆ ಆ ಇಳಿಜಾರು ಇಳಿದೇ ಇಲ್ಲ."

ಇಷ್ಟಕ್ಕೆ ಲೇಖನ ಮುಗಿಯಬೇಕಿತ್ತು. ನನ್ನ ಟಿಪ್ಪಣಿ ಪುಸ್ತಕ ಮುಚ್ಚಿಯೂ ಆಗಿತ್ತು. ಅಷ್ಟರಲ್ಲಿ ಅತ್ತೆ ಗೋಡೆಯ ಒಂದು ಗೆರೆಯ ಮೇಲೆ ಬೆರಳಿಟ್ಟು, ಸಹಜವಾಗಿಯೇ ಕೇಳುತ್ತಾರೆ: "ರೀ, ನಿನ್ನೆ ನರ್ಸಮ್ಮನ ಅಳತೆ ತಗೊಂಡು ನಾನು ಅಕ್ಕನ ಮನೆಗೆ ಹೋದೆನಲ್ಲ, ಸಂಜೆ ಸೈಕಲ್ ಕೊಟ್ರಾ?"

"ಕೊಟ್ಟೆ."

"ಕೆಂಪು ಯಾರು ನೋಡಿದ್ರು?"

ಮಾವನ ಕೈಯಲ್ಲಿದ್ದ ಲೋಟ ಅರ್ಧದಲ್ಲೇ ನಿಲ್ಲುತ್ತದೆ. ನಿನ್ನೆ ಸಂಜೆ ಕರೆಂಟು ಹೋಗಿತ್ತು. ಆಕೆಗೆ ಅವಸರ, ಮೂಲೆಯವರೆಗಿನ ಸುತ್ತೂ ಹಾಕಿಸಲಿಲ್ಲ. ಉದ್ದ ಕಾಲಿನ ಹೆಣ್ಣುಮಗಳು, ಯಾರೋ ಬಳಸಿ ಬಿಟ್ಟ ಸಣ್ಣ ಸೈಕಲ್ ಕೊಂಡಿದ್ದಾಳೆ. ಗೋಡೆಯ ಗೆರೆಗೆ ಸರಿಯಾಗಿ ಸೀಟು ಎತ್ತಿದ್ದು ನೆನಪಿದೆ. ಅಭ್ಯಾಸಬಲದಿಂದ ಕೂಗಿದ್ದೂ ನೆನಪಿದೆ. "ಕೂಗಿದೆ ಕಣೇ. ಉತ್ತರ ಬಂದಿದ್ದು ನೆನಪಿಲ್ಲ."

ಉತ್ತರ ಹೇಳುವವರು ಮನೆಯಲ್ಲೇ ಇರಲಿಲ್ಲ.

ಗಂಟೆ ಆರೂ ಇಪ್ಪತ್ತೈದು. ಆ ಇಳಿಜಾರಿನ ಕೆಳಗಿನ ಆಸ್ಪತ್ರೆಯಲ್ಲೇ ನರ್ಸಮ್ಮನ ಕೆಲಸ, ಪಾಳಿ ಏಳಕ್ಕೆ ಶುರು. ಅತ್ತೆ ಫೋನ್ ಮಾಡುತ್ತಾರೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. "ಸೈಕಲ್ ಮೇಲಿದ್ದಾಗ ಫೋನ್ ಎತ್ತಬೇಡಿ ಅಂತ ನಾನೇ ಹೇಳಿಕೊಟ್ಟಿದ್ದು," ಎನ್ನುತ್ತಾರೆ ಮಾವ. ಸ್ಪ್ಯಾನರ್ ಜೇಬಿಗಿಟ್ಟುಕೊಂಡು ನನ್ನ ಸ್ಕೂಟರಿನ ಹಿಂದೆ ಹತ್ತುತ್ತಾರೆ. ನನ್ನನ್ನು ಕೇಳುವುದೂ ಇಲ್ಲ.

ಎರಡು ಬೀದಿ ಆಚೆ ಆಕೆಯ ಮನೆ. ಬಾಗಿಲಲ್ಲಿ ಬಟ್ಟೆ ಹರಡುತ್ತಿದ್ದ ತಾಯಿ, "ಸೈಕಲ್ ತಗೊಂಡು ಹೊರಟು ಕಾಲು ಗಂಟೆ ಆಯ್ತಲ್ಲ. ಯಾಕೆ, ಏನಾಯ್ತು?" ಎನ್ನುತ್ತಾರೆ. ಏನಿಲ್ಲಮ್ಮ ಎಂದು ನಾನೇ ಸುಳ್ಳು ಹೇಳಿ ಗಾಡಿ ತಿರುಗಿಸುತ್ತೇನೆ.

ಇಳಿಜಾರು ದಿನವೂ ನಾನು ಓಡಾಡುವ ರಸ್ತೆ. ಇಷ್ಟು ಕಡಿದಾಗಿದೆ ಎಂದು ಇವತ್ತೇ ಗೊತ್ತಾದದ್ದು. ಒಂದು ಬದಿಗೆ ಕಲ್ಲಿನ ಗೋಡೆ, ಇನ್ನೊಂದು ಬದಿಗೆ ಒಂದರ ಹಿಂದೊಂದು ಬಸ್ಸು. ಮಾವ ನನ್ನ ಭುಜ ಹಿಡಿದ ಹಿಡಿತಕ್ಕೆ ಮೂಳೆ ನೋಯುತ್ತಿದೆ. ಬಿಡಿ ಎನ್ನುವ ಮನಸ್ಸಾಗುವುದಿಲ್ಲ. ಮೊದಲ ತಿರುವಿನಲ್ಲಿ ಯಾರೂ ಇಲ್ಲ. ಎರಡನೇ ತಿರುವಿನಲ್ಲಿ ಜನ ಗುಂಪುಗೂಡಿದ್ದಾರೆ.

ಹಿಂದಿನಿಂದ ಮಾವ, "ನಿಲ್ಲಿಸಬೇಡಿ. ನಿಲ್ಲಿಸಿ. ನಿಲ್ಲಿಸಿ ಸಾರ್," ಎನ್ನುತ್ತಿದ್ದಾರೆ. ಸ್ಕೂಟರ್ ನಿಲ್ಲುವ ಮೊದಲೇ ಇಳಿದು, ತೂರಾಡುತ್ತ ಗುಂಪಿನೊಳಗೆ ನುಗ್ಗುತ್ತಾರೆ. ಕೆಟ್ಟು ನಿಂತ ಬಸ್ಸು. ಸುತ್ತ ನಿಂತವರೆಲ್ಲ ಅದರಿಂದ ಇಳಿದ ಪ್ರಯಾಣಿಕರು. ಸೈಕಲ್ ಬಿದ್ದಿತ್ತಾ, ಹೆಣ್ಣುಮಗಳು ಬಿದ್ದಿದ್ಲಾ ಎಂದು ಮಾವ ಒಬ್ಬೊಬ್ಬರನ್ನೂ ಹಿಡಿದು ಕೇಳುತ್ತಾರೆ. ಯಾರೂ ಏನೂ ನೋಡಿಲ್ಲ. ಅದು ಸಮಾಧಾನವೋ ಅಲ್ಲವೋ ನಮಗಿಬ್ಬರಿಗೂ ತಿಳಿಯುವುದಿಲ್ಲ.

ಆಸ್ಪತ್ರೆಯ ಸೈಕಲ್ ಸ್ಟ್ಯಾಂಡಿನಲ್ಲಿ ಒಬ್ಬ ಉದ್ದನೆಯ ಮನುಷ್ಯ ಸ್ಟೂಲ್ ಮೇಲೆ ಕೂತು ಟೋಕನ್ ಜೋಡಿಸುತ್ತಿದ್ದಾನೆ. ತಲೆ ಎತ್ತಿ ನಮ್ಮನ್ನು ನೋಡಿದವನೇ ಕಂಬ ಹಿಡಿದು ಎದ್ದು ನಿಲ್ಲುತ್ತಾನೆ. ಹನ್ನೊಂದು ವರ್ಷದ ಮೇಲೆ ಇಬ್ಬರೂ ಎದುರುಬದುರಾಗಿದ್ದಾರೆ.

"ನರ್ಸಮ್ಮ ಬಂದಳಾ ಉದ್ದಣ್ಣಾ? ಒಳಗೆ ಹೋದಳಾ?"

"ಇನ್ನೂ ಬಂದಿಲ್ಲ ಮಾವ."

ಅವಳು ಮನೆ ಬಿಟ್ಟು ಅರ್ಧ ಗಂಟೆಯಾಗಿದೆ. ಸೈಕಲ್ ಮೇಲೆ ಇದು ಹತ್ತು ನಿಮಿಷದ ದಾರಿ. ಮಾವ ಅಲ್ಲೇ ಕಟ್ಟೆಯ ಮೇಲೆ ಕೂರುತ್ತಾರೆ. ಉದ್ದಣ್ಣನಿಗೆ ನಾನು ವಿಷಯ ಹೇಳುತ್ತೇನೆ. ಅವನ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ. ದೂರದಲ್ಲಿ ಆಂಬುಲೆನ್ಸ್ ಸದ್ದು ಕೇಳಿದಾಗ ಮಾವ ಕಿವಿ ಮುಚ್ಚಿಕೊಳ್ಳುತ್ತಾರೆ. ಅದು ಗೇಟಿನೊಳಗೆ ಬಂದು ನಿಲ್ಲುತ್ತದೆ. ಒಳಗಿನಿಂದ ಇಳಿಸಿದ್ದು ಒಬ್ಬ ಮುದುಕಪ್ಪನನ್ನು. ಯಾರದೋ ಕಷ್ಟ ಕಂಡು ಎದೆ ಹಗುರವಾಯಿತಲ್ಲ ಎಂದು ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಆರೂ ಐವತ್ತೆರಡಕ್ಕೆ, ಮುಂದಿನ ಗೇಟಿನಿಂದಲ್ಲ, ಹಿಂದಿನ ಓಣಿಯಿಂದ ನರ್ಸಮ್ಮ ಬರುತ್ತಾಳೆ. ನಡೆದುಕೊಂಡು. ಸೈಕಲ್ ತಳ್ಳಿಕೊಂಡು. ಸೀಟಿನ ಮೇಲೆ ಬ್ಯಾಗು ಕೂತಿದೆ, ಫೋನೂ ಅದರೊಳಗೇ ಇರಬೇಕು.

"ಅಯ್ಯೋ ಮಾವ, ನೀವಿಲ್ಲಿ! ಯಾರಿಗೆ ಹುಷಾರಿಲ್ಲ?"

ಮಾವ ಎದ್ದು ನಿಂತು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. "ಯಾಕಮ್ಮಾ ತಳ್ಕೊಂಡು ಬಂದೆ?"

"ನಿನ್ನೆ ನೀವು ಕೂಗಿದ್ರಿ. ಅತ್ತೆ ಇರಲಿಲ್ಲ. 'ಕಾಣಲ್ಲ, ಹೋಗ್ಲಿ' ಅಂತ ಯಾರೂ ಹೇಳಲಿಲ್ಲ. ನೀವು ಕೈ ಒರೆಸಿಕೊಂಡು ಒಳಗೆ ಹೋಗಿಬಿಟ್ರಿ. ಹೇಳೋವರೆಗೂ ಹತ್ತಬಾರದು ಅಂತ ಚಿಕ್ಕಂದಿನಿಂದ ನಿಮ್ಮ ಅಂಗಡೀಲೇ ನೋಡಿದ್ದೀನಲ್ಲ. ನಡೆಯೋದಾದ್ರೆ ಓಣಿ ಹತ್ತಿರ ಅಂತ ಹಾಗೆ ಬಂದೆ. ಸಂಜೆ ಅತ್ತೆ ಹತ್ತಿರ ತೋರಿಸೋಣ ಅಂತಿದ್ದೆ."

ಮಾವ ಸೈಕಲ್ಲಿನ ಮುಂದೆ ಮಂಡಿಯೂರುತ್ತಾರೆ. ನಾನೂ ಬಗ್ಗುತ್ತೇನೆ. ಸೀಟಿನ ಬುಡದಲ್ಲಿ, ಬೆಳಕಿಗೆ ಚೆನ್ನಾಗಿ ಕಾಣುವಂತೆ, ಬೆರಳಗಲದಷ್ಟು ಕೆಂಪು. ನರ್ಸಮ್ಮನೂ ನೋಡುತ್ತಾಳೆ. ನೋಡಿ ಬ್ಯಾಗನ್ನು ಎದೆಗೆ ಒತ್ತಿಕೊಳ್ಳುತ್ತಾಳೆ.

"ತಪ್ಪು ನಂದೇ," ಎನ್ನುತ್ತಾರೆ ಮಾವ. ಜೇಬಿನಿಂದ ಸ್ಪ್ಯಾನರ್ ತೆಗೆದು ಬೋಲ್ಟ್ ಸಡಿಲಿಸಿ, ಕೆಂಪು ಮುಳುಗುವವರೆಗೆ ಸೀಟು ಇಳಿಸುತ್ತಾರೆ. "ಸಂಜೆ ಉದ್ದದ ಕೊಳವೆ ಹಾಕಿಕೊಡ್ತೀನಿ. ಅಲ್ಲಿವರೆಗೆ ಮಂಡಿ ನೋಯುತ್ತೆ, ನನ್ನ ಬೈಕೋ." ಆಕೆ ಬೈಯುವುದಿಲ್ಲ. ಅವರ ಭುಜ ಮುಟ್ಟಿ, ಪಾಳಿಗೆ ಹೊತ್ತಾಯಿತೆಂದು ಒಳಗೆ ಓಡುತ್ತಾಳೆ.

ಬೋಲ್ಟ್ ಬಿಗಿ ಮಾಡುತ್ತ, ನನ್ನ ಕಡೆ ತಿರುಗದೆಯೇ ಮಾವ ಹೇಳುತ್ತಾರೆ: "ಬರೀತೀನಿ ಅಂದ್ರಲ್ಲ ಸಾರ್. ನಾನು ಭಾರಿ ಕೆಲಸಗಾರ ಅಂತೆಲ್ಲ ಬೇಡ. ಇವನನ್ನ ನಂಬಿ ಸೈಕಲ್ ಹತ್ತಬೇಡಿ, ಬೇರೆ ಯಾರಾದ್ರೂ ಬಗ್ಗಿ ನೋಡಿ ಹೇಳೋವರೆಗೂ ತಳ್ಕೊಂಡು ಹೋಗಿ ಅಂತ ಬರೀರಿ. ಅಷ್ಟು ಸಾಕು."

ಸ್ಪ್ಯಾನರ್ ಕೆಳಗಿಟ್ಟು ಅವರು ಎದ್ದು, ಎಂದಿನಂತೆ ಸೈಕಲ್ಲಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. "ಕೆಂಪು ಕಾಣ್ತಾ?" ಎಂದು ಕೂಗಿದ ಮೇಲೆ, ಇಲ್ಲಿ ಒಳಕೋಣೆ ಇಲ್ಲ, ಅತ್ತೆ ಇಲ್ಲ ಎಂದು ನೆನಪಾಗಿ ಮುಖ ಸಣ್ಣದಾಗುತ್ತದೆ. ನಾನು ಬಗ್ಗಲು ಹೊರಡುತ್ತೇನೆ. ಉದ್ದಣ್ಣ ಕೈ ಅಡ್ಡ ಹಿಡಿದು ನನ್ನನ್ನು ತಡೆಯುತ್ತಾನೆ.

ಒಂದು ಕೈಯಲ್ಲಿ ಕಂಬ ಹಿಡಿದು, ಬಾಗದ ಸೊಂಟವನ್ನು ಇಷ್ಟಿಷ್ಟೇ ಬಗ್ಗಿಸಿ, ಹಲ್ಲು ಕಚ್ಚಿ, ಅವನು ಸೀಟಿನ ಬುಡದವರೆಗೆ ಇಳಿಯುತ್ತಾನೆ. ಈ ಬದಿ ನೋಡುತ್ತಾನೆ. ಆ ಬದಿ ನೋಡುತ್ತಾನೆ. ಅವಸರವಿಲ್ಲ. ಬೆನ್ನು ತಿರುಗಿಸಿ ನಿಂತ ಮಾವನ ಎಡಗೈ ಮುಷ್ಟಿ ಬಿಗಿದೇ ಇದೆ.

"ಕಾಣಲ್ಲ ಮಾವ," ಎನ್ನುತ್ತಾನೆ ಉದ್ದಣ್ಣ. "ಹೋಗ್ಲಿ."