ರೆಪ್ಪೆ ಎಳೆದು ನೋಡುವ ಕಣ್ಣಕ್ಕ

ಬೆಳಗಿನ ಆರು ಗಂಟೆ. ದೊಡ್ಡಿಯಲ್ಲಿ ಇನ್ನೂರ ಮೂವತ್ತು ಕುರಿಗಳು ಹಸಿದು ಅರಚುತ್ತಿವೆ. ಬಾಗಿಲಲ್ಲಿ ಒಬ್ಬಾಕೆ ಕೈಕಟ್ಟಿ ನಿಂತಿದ್ದಾರೆ. ಒಳಗೆ ಬಲ್ಬು ಉರಿಯುತ್ತಿದ್ದರೂ ಅವರು ಕಾಯುತ್ತಿರುವುದು ಬಿಸಿಲಿಗೆ. ಬಿಸಿಲು ಹೊಸ್ತಿಲು ದಾಟಿದ ಮೇಲೆಯೇ ಮೊದಲ ಕುರಿಯನ್ನು ಮೊಣಕಾಲುಗಳ ನಡುವೆ ಹಿಡಿದು, ಹೆಬ್ಬೆರಳಿನಿಂದ ಅದರ ಕೆಳರೆಪ್ಪೆ ಎಳೆದು ನೋಡುತ್ತಾರೆ. "ಕೆಂಪಗಿದೆ, ನಡಿ" ಎಂದು ಬೆನ್ನು ತಟ್ಟಿ ಹೊರಗೆ ಬಿಡುತ್ತಾರೆ.

ಎಲ್ಲರ ಬಾಯಲ್ಲೂ ಇವರು ಕಣ್ಣಕ್ಕ. ವಯಸ್ಸು ಐವತ್ತೆರಡು, ಈ ಕುರಿ ಸಾಕಣೆ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷದ ದುಡಿಮೆ. ಕುರಿಯ ಹೊಟ್ಟೆಯಲ್ಲಿ ಕೂದಲೆಳೆಯಂಥ ಹುಳುಗಳು ಸಾವಿರಗಟ್ಟಲೆ ಅಂಟಿಕೊಂಡು ರಕ್ತ ಹೀರುತ್ತವೆ. ರಕ್ತ ಇಳಿದಂತೆ ರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಕುರಿಗೆ ಮಾತ್ರ ಔಷಧ, ಉಳಿದವಕ್ಕಿಲ್ಲ. ಮಳೆಗಾಲದಲ್ಲಿ ವಾರಕ್ಕೆರಡು ಸಲ ಇವರು ನಾನೂರ ಅರವತ್ತು ಕಣ್ಣು ನೋಡುತ್ತಾರೆ.

"ಮೊದ್ಲೆಲ್ಲ ತಿಂಗಳಿಗೊಂದ್ಸಲ ಸಾಲಾಗಿ ನಿಲ್ಸಿ ಎಲ್ಲಕ್ಕೂ ಕುಡಿಸ್ತಿದ್ವಿ. ಬಡಪಾಯಿ ಹುಳ ಸತ್ತು, ಗಟ್ಟಿ ಪಿಂಡಗಳು ಉಳ್ಕೊಂಡ್ವು. ಅವುಗಳ ಸಂತಾನವೇ ಬೆಳೀತು. ಆಮೇಲೆ ಔಷಧಕ್ಕೂ ನೀರಿಗೂ ವ್ಯತ್ಯಾಸವೇ ಇಲ್ಲ ಅನ್ನೋ ಹಂಗಾಯ್ತು."

ಔಷಧ ನಾಟದ ಆ ಮಳೆಗಾಲ ಮೂವತ್ತೊಂದು ಕುರಿ ಸತ್ತವು. ಹುಲ್ಲುಗಾವಲೂ ಕೆಟ್ಟಿತು. ಹಿಕ್ಕೆಯೊಂದಿಗೆ ಹೊರಬಿದ್ದ ಔಷಧ, ಆ ಹಿಕ್ಕೆಯನ್ನು ಮಣ್ಣಿಗೆ ಸೇರಿಸುವ ಕಪ್ಪು ದುಂಬಿಗಳನ್ನೂ ಕೊಂದಿತು. ಹಿಕ್ಕೆ ಬಿದ್ದಲ್ಲೇ ಒಣಗಿತು. ದುಂಬಿ ಹೆಕ್ಕಲು ಬರುತ್ತಿದ್ದ ಹಕ್ಕಿಗಳು ಇತ್ತ ತಲೆ ಹಾಕುವುದನ್ನೇ ಬಿಟ್ಟವು.

ಆಗ ಪಶುವೈದ್ಯೆಯೊಬ್ಬರು ಬೇರೆ ಔಷಧ ಕೊಟ್ಟು, ರೆಪ್ಪೆ ನೋಡುವ ಕ್ರಮ ಕಲಿಸಿದರು. ಎಲ್ಲಕ್ಕೂ ಕುಡಿಸದಿದ್ದರೆ ಬಡಪಾಯಿ ಹುಳುಗಳೂ ಉಳಿದು, ಗಟ್ಟಿ ಪಿಂಡಗಳ ಸಂತಾನವೊಂದೇ ಬೆಳೆಯುವುದು ತಪ್ಪುತ್ತದೆ ಎಂದರು. ಕಲಿತ ವರ್ಷವೇ ಕಣ್ಣಕ್ಕ ಎಡವಿದರು. ಬೇಗ ಮನೆಗೆ ಹೋಗುವ ಆತುರದಲ್ಲಿ ಒಂದು ದಿನ ಹಳದಿ ಬಲ್ಬಿನ ಕೆಳಗೇ ಕಣ್ಣು ನೋಡಿ ಮುಗಿಸಿದ್ದರು.

"ಆ ಬೆಳಕಲ್ಲಿ ಬಿಳಿಚಿದ್ದೂ ಕೆಂಪಗೇ ಕಾಣುತ್ತೆ. ಮೂರು ಕುರಿ ಹೋದ್ವು. ನಾನೇ ಕೊಂದೆ ಅಂತ ಇವತ್ತಿಗೂ ಅನ್ಸುತ್ತೆ." ಧ್ವನಿ ಸಣ್ಣಗಾಗುತ್ತದೆ. ಕೈ ಮಾತ್ರ ಮುಂದಿನ ರೆಪ್ಪೆ ಎಳೆಯುತ್ತಿರುತ್ತದೆ.

ಹಾಲಿನ ವ್ಯಾನು ಓಡಿಸುವ ಗಂಡನಿಗೆ ಹೆಂಡತಿಯನ್ನು ರೇಗಿಸದಿದ್ದರೆ ತಿಂದದ್ದು ಅರಗುವುದಿಲ್ಲ. "ಅಳಿಯ ಮೊದಲನೇ ಸಲ ಮನೆಗೆ ಬಂದಾಗ್ಲೂ ರೆಪ್ಪೆ ಎಳೆದು ನೋಡಿದ್ಲು ಕಣ್ರೀ. ರಕ್ತ ಕಮ್ಮಿ ಇದೆ, ಚೆನ್ನಾಗಿ ಊಟ ಮಾಡಪ್ಪಾ ಅಂದ್ಲು. ಪಾಪ, ಈಗ್ಲೂ ಅತ್ತೆ ಎದುರು ಬಂದ್ರೆ ಕಣ್ಣು ಮುಚ್ಕೊಳ್ತಾನೆ!"

ಈ ವರ್ಷ ಕೇಂದ್ರಕ್ಕೆ ಹೊಸ ಮ್ಯಾನೇಜರ್ ಬಂದಿದ್ದಾರೆ. ಒಂದೊಂದೇ ಕಣ್ಣು ನೋಡುತ್ತ ಕೂರುವುದು ಅವರಿಗೆ ಹಿಡಿಸಿಲ್ಲ. ಈ ಮಳೆಗಾಲದಲ್ಲಿ ಹುಳುವಿನಿಂದ ಒಂದೇ ಒಂದು ಕುರಿ ಸತ್ತರೂ ಮತ್ತೆ ಎಲ್ಲಕ್ಕೂ ಔಷಧ ಎಂದುಬಿಟ್ಟಿದ್ದಾರೆ. ಮೂರು ವಾರದ ಹಿಂದೆ, ಎಲ್ಲರನ್ನೂ ಹಾಯುವ 'ಗಯ್ಯಾಳಿ' ಎಂಬ ಕುರಿಯೇ ಮಲಗಿಬಿಟ್ಟಿತು. ರೆಪ್ಪೆ ಸುಣ್ಣದಂತೆ ಬಿಳಿ, ದವಡೆಯ ಕೆಳಗೆ ನೀರು ತುಂಬಿದ ಊತ. ಕಣ್ಣಕ್ಕ ಔಷಧ ಕುಡಿಸಿ, ಎಳೆ ಸೊಪ್ಪು ತಿನ್ನಿಸಿ, ಊಟದ ಹೊತ್ತಿನಲ್ಲೂ ಅದರ ಪಕ್ಕದಲ್ಲೇ ಕುಳಿತರು.

ಇವತ್ತು ಗಯ್ಯಾಳಿಯ ಸರದಿ ಕೊನೆಗೆ. ಮ್ಯಾನೇಜರೂ ಬಂದು ನಿಂತಿದ್ದಾರೆ. ಕಣ್ಣಕ್ಕ ಅದನ್ನು ಬಿಸಿಲಿಗೆ ತಿರುಗಿಸಿ ರೆಪ್ಪೆ ಎಳೆಯುತ್ತಾರೆ. ತೆಳು ಗುಲಾಬಿ. ಮ್ಯಾನೇಜರ್ ಬಗ್ಗಿ ನೋಡಲು ಹೋಗಿ ಮೊಣಕಾಲಿಗೆ ಗುಮ್ಮಿಸಿಕೊಳ್ಳುತ್ತಾರೆ.

"ಆಯ್ತಮ್ಮಾ, ನಿಮ್ಮ ಕ್ರಮವೇ ಇರ್ಲಿ," ಎನ್ನುತ್ತಾರೆ ಮೊಣಕಾಲು ಉಜ್ಜಿಕೊಳ್ಳುತ್ತ. "ಬೇರೇನಾದ್ರೂ ಬೇಕಾ?"

ಕಣ್ಣಕ್ಕ ಯೋಚಿಸುವುದೇ ಇಲ್ಲ. "ಚಾವಣೀಲಿ ಬೆಳಕು ಬೀಳೋ ಹಂಗೆ ಎರಡು ಶೀಟು ಹಾಕ್ಸಿಕೊಡಿ ಸಾರ್. ಮೋಡ ಇದ್ದ ದಿನ ಇವು ಪಾಪ ಹಸ್ಕೊಂಡು ಕಾಯ್ತವೆ. ಆ ಬಲ್ಬನ್ನ ಮಾತ್ರ ನಾನು ಸಾಯೋತನಕ ನಂಬಲ್ಲ."